ಬಯಲುಸೀಮೆಯ ಸಣ್ಣ ಜೀವಗಳ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ಚಿತ್ರದುರ್ಗ, ಪಾವಗಡ, ಮಧುಗಿರಿ, ಕೋಲಾರ. ಈ ಕಡೆಯ ಕಲ್ಲುಗುಡ್ಡ, ಕುರುಚಲು ಕಾಡು, ಕಾವಲುಗಳಲ್ಲಿ (ಹುಲ್ಲುಗಾವಲು) ಓಡಾಡಿ ಓತಿಕ್ಯಾತ, ಹಾವುರಾಣಿ, ಚೇಳು, ನೆಲಗುಬ್ಬಿ, ಮುಂಗುಸಿ ಇಂಥವುಗಳ ಫೋಟೋ ತೆಗೆಯುತ್ತಾ ಬಂದಿದ್ದೇನೆ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚೂ ಕಮ್ಮಿ ಒಂದೇ ಥರ ಇರುತ್ತವೆ. ಎಲ್ಲವಕ್ಕೂ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಕಬಿನಿ, ದಾಂಡೇಲಿ ಬಿಟ್ಟು ಈ ಬರಡು ನೆಲಕ್ಕೆ ಯಾಕೆ ಬರಬೇಕು? ಇಲ್ಲಿ ಏನು ಸಿಗುತ್ತೆ?

ಮೊದಲು ಆ "ಬರಡು" ಅನ್ನೋ ಮಾತು ಬಿಡೋಣ. ಸರ್ಕಾರಿ ದಾಖಲೆಗಳಲ್ಲೂ ಇಂಥ ಎಷ್ಟೋ ಜಾಗ "ಪಾಳುಭೂಮಿ" ಅಂತಲೇ ಇದೆ. ಆದರೆ ಬೆಳಿಗ್ಗೆ ಏಳು ಗಂಟೆಗೆ ಒಂದು ಬಂಡೆಯ ಹತ್ತಿರ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಬಂಡೆ ಬಿರುಕಿನಿಂದ ಹಲ್ಲಿ ಇಣುಕುತ್ತೆ. ತಂಗಡಿ ಗಿಡದ ಬುಡದಲ್ಲಿ ಹಾವುರಾಣಿ ಸರಿದು ಹೋಗುತ್ತೆ. ಬಂಡೆಯ ತುದಿಗೆ ಗಂಡು ಓತಿಕ್ಯಾತ ಹತ್ತಿ ನಿಂತು ತಲೆ ಆಡಿಸುತ್ತೆ. ಹಳದಿ ಗಂಟಲಿನ ಪಿಕಳಾರ ಅಂತ ಒಂದು ಹಕ್ಕಿ ಇದೆ, ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದನ್ನು ನಂದಿಬೆಟ್ಟದಲ್ಲೂ ನೋಡಬಹುದು, ಹಂಪಿ ಹತ್ತಿರದ ದರೋಜಿ ಕಡೆಯೂ ನೋಡಬಹುದು.

ಬಂಡೆಗಳನ್ನೇ ನೋಡಿ. ಬಳ್ಳಾರಿ ಕಡೆಯಿಂದ ರಾಮನಗರದ ಆಚೆವರೆಗೆ ಉದ್ದಕ್ಕೆ ಹಬ್ಬಿರುವ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮೇಲೆ ಬೆರಳುದ್ದದ ಜೀವ ಕೂತಿರುವ ಚಿತ್ರ ಆನೆಯ ಚಿತ್ರಕ್ಕಿಂತ ಸಣ್ಣದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಯಾವ ತಿಂಗಳು ಒಳ್ಳೆಯದು? ಯಾವ ಹೊತ್ತು?

ಓತಿಕ್ಯಾತಗಳಿಗೆ ಬೇಸಿಗೆ ಮತ್ತು ಮಳೆಗಾಲದ ಶುರು. ಗಂಟಲಲ್ಲಿ ಬೀಸಣಿಗೆ ಬಿಚ್ಚುವ ಓತಿಗಳು ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಚುರುಕಾಗಿರುತ್ತವೆ. ಬಂಡೆಯ ಓತಿಕ್ಯಾತದ ಗಂಡು ಬೇಸಿಗೆ ಕೊನೆಗೆ ಬಣ್ಣ ತುಂಬಿಕೊಂಡು ಮಳೆಗಾಲದಲ್ಲೂ ಹಾಗೇ ಇರುತ್ತೆ. ಬೆನ್ನು ಕೆಂಪು, ಪಕ್ಕ ಕಪ್ಪು. ಹೆಣ್ಣು ಮಾತ್ರ ವರ್ಷವಿಡೀ ಬಂಡೆಯದೇ ಬಣ್ಣ, ಕಣ್ಣೆದುರಿಗೇ ಇದ್ದರೂ ಕಾಣಲ್ಲ.

ಮುಂಗಾರಿನ ಮೊದಲ ಒಂದೆರಡು ಮಳೆ ಬಿದ್ದ ಮೇಲಿನ ವಾರವನ್ನು ಮಾತ್ರ ಬಿಡಬೇಡಿ. ಕೆಂಪು ಮಖಮಲ್ಲಿನಂಥ ಹುಳಗಳು ನೆಲದಿಂದ ಮೇಲೆ ಬರುತ್ತವೆ. ಬಂಡೆ ಮೇಲಿನ ದೊಣೆಗಳಲ್ಲಿ ನೀರು ನಿಂತು, ನೋಡನೋಡುತ್ತಾ ಅದರಲ್ಲಿ ಗೊದಮೊಟ್ಟೆ ಓಡಾಡುತ್ತವೆ. ಬೂದು ಬಣ್ಣದ ಗುಡ್ಡ ಹತ್ತು ದಿನದಲ್ಲಿ ಹಸಿರಾಗುತ್ತೆ.

ಹೊತ್ತು ಅಂದರೆ, ಬೇಸಿಗೆಯಲ್ಲಿ ಬೆಳಕು ಹರಿದಾಗಿನಿಂದ ಒಂಬತ್ತು ಗಂಟೆವರೆಗೆ, ಮತ್ತೆ ಸಂಜೆ ಐದರ ಮೇಲೆ. ಚಳಿಗಾಲದಲ್ಲಿ ಓತಿ, ಹಾವುರಾಣಿಗಳು ಮೈ ಕಾಯಿಸಿಕೊಳ್ಳೋಕೆ ತಡವಾಗಿ ಬರುತ್ತವೆ, ಒಂಬತ್ತರಿಂದ ಹನ್ನೊಂದು ಸರಿ. ಬೇಸಿಗೆಯ ಮಧ್ಯಾಹ್ನ ಪ್ರಾಣಿಗಳೇ ನೆರಳು ಸೇರಿರುತ್ತವೆ. ನೀವೂ ಸೇರಿ.

ಯಾವ ಲೆನ್ಸ್ ತಗೊಳ್ಳಲಿ?

ಒಂದೇ ಅಂದರೆ 100-400 ಮಿ.ಮೀ. ಜೂಮ್. ಹತ್ತಿರಕ್ಕೂ ಫೋಕಸ್ ಆಗುವಂಥದ್ದು ನೋಡಿ ತಗೊಳ್ಳಿ, ಎಷ್ಟೋ ಜನ ಈ ಒಂದು ವಿಷಯ ನೋಡದೆ ತಗೊಂಡು ಆಮೇಲೆ ಓತಿ ಎರಡು ಮೀಟರ್ ಹತ್ತಿರ ಬಂದಾಗ ಫೋಕಸ್ ಸಿಗದೆ ಪೇಚಾಡುತ್ತಾರೆ. 100 ಮಿ.ಮೀ. ಆಸುಪಾಸಿನ ಮ್ಯಾಕ್ರೋ (ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಚೇಳು, ಜೇಡ, ಹುಳಗಳಿಗೆ ಚೆನ್ನ. ನನಗೆ ಮಾತ್ರ ವರ್ಷ ಕಳೆದಂತೆ ಜಾಸ್ತಿ ಇಷ್ಟವಾಗಿರೋದು 16-35ರಂಥ ಅಗಲದ ಲೆನ್ಸ್. ಯಾಕೆ ಅಂತ ಮುಂದೆ ಹೇಳಿದ್ದೇನೆ.

ಬರೀ ಮೊಬೈಲ್ ಇದೆ. ಆಗುತ್ತಾ?

ಆಗುತ್ತೆ. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿಯಿರಿ, ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತೆ. ದೊಡ್ಡ ಕ್ಯಾಮೆರಾದಲ್ಲಿ ಅಷ್ಟು ಕೆಳಗೆ ಹೋಗೋದು ಕಷ್ಟ. ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ, ಫೋನಿನಲ್ಲೇ 2 ಅಥವಾ 3 ಪಟ್ಟಿನ ಲೆನ್ಸ್ ಬೇರೆ ಇದ್ದರೆ ಅದನ್ನು ಬಳಸಿ. ಸಗಣಿ ಹುಳ, ಮಖಮಲ್ ಹುಳ, ಇರುವೆ ಇವೆಲ್ಲ ಮೊಬೈಲಿಗೆ ಹೇಳಿ ಮಾಡಿಸಿದ ಹಾಗಿವೆ.

ಹತ್ತಿರ ಹೋದ ತಕ್ಷಣ ಓಡಿಹೋಗುತ್ತವೆ. ಏನು ಮಾಡೋದು?

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಪ್ರತಿ ಪ್ರಾಣಿಗೂ ಒಂದು ಗಡಿ ಇರುತ್ತೆ. ಇಷ್ಟು ಹತ್ತಿರ ಬಂದರೆ ಓಡಬೇಕು ಅನ್ನುವ ಗಡಿ. ಅದು ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿರುವ ಕಡೆ ಹದ್ದು, ಗಿಡುಗಗಳು ಕಡಿಮೆ. ಹಾಗಾಗಿ ಬೀಸಣಿಗೆ ಓತಿಗಳು ಜಾಸ್ತಿ. ಜೊತೆಗೆ ಅವು ಮನುಷ್ಯರನ್ನು ಇನ್ನೂ ಹತ್ತಿರ ಬಿಟ್ಟುಕೊಳ್ಳುತ್ತವೆ. ಒಂದೇ ಜಾತಿ, ಒಂದೇ ಗುಡ್ಡ. ಬೇಟೆಗಾರ ಹಕ್ಕಿಯ ಭಯ ಎಷ್ಟಿದೆ ಅನ್ನೋದರ ಮೇಲೆ ಗಡಿ ಬೇರೆ. ಅದಕ್ಕೇ "ಮೂರು ಮೀಟರ್‌ವರೆಗೆ ಹೋಗಬಹುದು" ಅಂತ ಯಾರಾದರೂ ಹೇಳಿದರೆ ಆ ಲೆಕ್ಕ ನಿಮ್ಮ ಗುಡ್ಡದಲ್ಲಿ ನಡೆಯಲ್ಲ. ನೀವೇ ನೋಡಿ ಕಲಿಯಬೇಕು.

ನಾನು ಮಾಡೋದು ಹೀಗೆ. ಮೊದಲ ದಿನ ಫೋಟೋ ಯೋಚನೆ ಇಟ್ಟುಕೊಳ್ಳಲ್ಲ. ದೂರ ಕೂತು ಆ ಗಂಡು ಯಾವ ಕಲ್ಲಿಗೆ ಹತ್ತುತ್ತೆ, ಎಷ್ಟು ಹೊತ್ತಿಗೊಮ್ಮೆ ಬರುತ್ತೆ ಅಂತ ನೋಡುತ್ತೇನೆ. ಓತಿಗಳಿಗೆ ತಮ್ಮದೇ ಕಲ್ಲು ಇರುತ್ತೆ, ಓಡಿಸಿದರೂ ಮತ್ತೆ ಅಲ್ಲಿಗೇ ಬರುತ್ತವೆ. ಮರುದಿನ ಅದು ಬರುವ ಮುಂಚೆ ಹೋಗಿ ಮಲಗಿರುತ್ತೇನೆ. ನಾವು ಅದರ ಹತ್ತಿರ ಹೋದರೆ ನಾವು ಬೇಟೆಗಾರ. ಅದು ನಮ್ಮ ಹತ್ತಿರ ಬಂದರೆ ನಾವು ಒಂದು ಕಲ್ಲು, ಅಷ್ಟೇ.

ಹೋಗಲೇಬೇಕಾದರೆ ನೇರವಾಗಿ ಅದರ ಕಡೆ ನಡೆಯಬೇಡಿ. ಓರೆಯಾಗಿ, ಕೆಳಗೆ ಬಗ್ಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹೋಗಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಮೇಲಿಂದ ಬರುವ ನೆರಳು ಅಂದರೆ ಅದಕ್ಕೆ ಗಿಡುಗವೇ. ತಲೆ ಎತ್ತಿ ಮೈ ನೆಲಕ್ಕೆ ಒತ್ತಿಕೊಂಡರೆ, ಅಥವಾ ಗಂಡಿನ ಕೆಂಪು ಮಂಕಾಗಿ ಕಂದಾದರೆ, ಅದಕ್ಕೆ ತೊಂದರೆ ಆಗುತ್ತಿದೆ ಅಂತ ಅರ್ಥ. ನಿಲ್ಲಿ. ಹಿಂದಕ್ಕೆ ಸರಿಯಿರಿ.

ಪ್ರಾಣಿ ಕಂದು, ಮಣ್ಣು ಕಂದು, ಕಲ್ಲೂ ಕಂದು. ಫೋಟೋದಲ್ಲಿ ಎಲ್ಲಿದೆ ಅಂತಲೇ ಗೊತ್ತಾಗಲ್ಲ!

ಇಲ್ಲಿ ಬಣ್ಣದಿಂದ ಬೇರ್ಪಡಿಸೋಕೆ ಆಗಲ್ಲ. ಬೆಳಕಿನಿಂದ ಬೇರ್ಪಡಿಸಬೇಕು.

ಬೆಳಗಿನ ಸೂರ್ಯ ಪಕ್ಕದಿಂದ ಅಥವಾ ಹಿಂದಿನಿಂದ ಬರುವ ಹಾಗೆ ನಿಮ್ಮ ಜಾಗ ಹುಡುಕಿ. ಓತಿಯ ಬೆನ್ನಿನ ಮುಳ್ಳುಗಳ ಸಾಲಿಗೆ ಬೆಳಕಿನ ಗೆರೆ ಬೀಳುತ್ತೆ. ಮುಂಗುಸಿಯ ಒಂದೊಂದು ಕೂದಲೂ ಹೊಳೆಯುತ್ತೆ. ಹಿಂದೆ ನೆರಳಲ್ಲಿರುವ ಬಂಡೆ ಇದ್ದರೆ ಇನ್ನೂ ಚೆನ್ನ: ಕಪ್ಪು ಹಿನ್ನೆಲೆ, ಅದರ ಮುಂದೆ ಬೆಳಕು ಹೊತ್ತ ಒಂದು ಸಣ್ಣ ಮೈ. ಇನ್ನೊಂದು ದಾರಿ, ಕಲ್ಲಿನ ತುದಿಗೆ ಹತ್ತುವವರೆಗೆ ಕಾದು, ನೀವು ಕೆಳಗಿದ್ದು, ಹಿಂದೆ ಆಕಾಶ ಮಾತ್ರ ಬರುವ ಹಾಗೆ ತೆಗೆಯೋದು. "ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ" ಅಂತ ಗಾದೆಯೇ ಇದೆಯಲ್ಲ. ಗಾದೆ ಕಟ್ಟಿದವರು ಆ ಚಿತ್ರವನ್ನು ಚೆನ್ನಾಗಿ ನೋಡಿದ್ದಾರೆ. ಗೂಟದ ತುದಿ, ಅದರ ಮೇಲೆ ಓತಿ, ಹಿಂದೆ ಖಾಲಿ.

ಕೆಲವು ಸಲ ಕಾಣದೇ ಇರೋದೇ ಚಿತ್ರದ ವಿಷಯ. ಹೆಣ್ಣು ಓತಿ ಬಂಡೆಯ ಮೇಲೆ ಬಂಡೆಯೇ ಆಗಿ ಕೂತಿರುವಾಗ ಅದನ್ನು ಬೇರ್ಪಡಿಸಬೇಡಿ. ಕಣ್ಣು ಮಾತ್ರ ಚೂಪಾಗಿರಲಿ. ನೋಡುವವರು ಹುಡುಕಲಿ.

ಪ್ರಾಣಿ ಫ್ರೇಮ್ ತುಂಬ ಇರಬೇಕು ಅಲ್ವಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದೋದಾದರೆ ಇದನ್ನು ಓದಿ.

ಮೊದಮೊದಲು ನಾನೂ ಉದ್ದ ಲೆನ್ಸ್ ಹಾಕಿ ಓತಿಯ ಮುಖ ಫ್ರೇಮ್ ತುಂಬ ಬರುವ ಹಾಗೆ ತೆಗೆಯುತ್ತಿದ್ದೆ. ಹಿಂದೆ ಎಲ್ಲ ನಯವಾಗಿ ಮಸುಕು. ಚೆನ್ನಾಗೇ ಇದ್ದವು. ಆದರೆ ಆ ಫೋಟೋಗಳನ್ನು ಯಾವ ಊರಿನಲ್ಲಿ ಬೇಕಾದರೂ ತೆಗೆದಿರಬಹುದಿತ್ತು. ಒಂದು ಸಲ ಕೊಪ್ಪಳದ ಹತ್ತಿರ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ಏನು ತೆಗೀತಿದೀರಿ ಅಂತ ಕೇಳಿದರು. ಮುಖದ ಫೋಟೋ ತೋರಿಸಿದೆ. "ಓತಿ" ಅಂದರು, ಅಷ್ಟೇ. ಆಮೇಲೆ ಅಗಲ ಲೆನ್ಸಿನಲ್ಲಿ ತೆಗೆದದ್ದು ತೋರಿಸಿದೆ. ಅದರಲ್ಲಿ ಓತಿ ಒಂದು ಮೂಲೆಯಲ್ಲಿ ಸಣ್ಣಗಿತ್ತು, ಹಿಂದೆ ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು, ಒಂದು ಒಂಟಿ ಜಾಲಿ ಮರ. ಅವರ ಮುಖ ಅರಳಿತು. "ಇದು ನಮ್ಮ ಗುಡ್ಡದಾಗಿನ ಓತಿ ಅಲ್ಲೇನ್ರಿ?" ಅಂದರು. ಆ ಮಾತು ಕೇಳಿದ ಮೇಲೆ ನಾನು ಫೋಟೋ ತೆಗೆಯೋ ರೀತಿಯೇ ಬದಲಾಯಿತು.

ಯಾರೂ "ಏನೂ ಇಲ್ಲ" ಅನ್ನುವ ಜಾಗ ಇದು. ಹಿನ್ನೆಲೆಯನ್ನೆಲ್ಲ ಮಸುಕು ಮಾಡಿ ಪ್ರಾಣಿಯನ್ನು ಮಾತ್ರ ತೋರಿಸಿದರೆ ಆ "ಏನೂ ಇಲ್ಲ" ಅನ್ನೋ ಮಾತಿಗೆ ನಾವೂ ದನಿಗೂಡಿಸಿದ ಹಾಗೆ. ನೆಲವನ್ನು ತೋರಿಸಿ. ಬಿರುಕು ಬಿಟ್ಟ ಮಣ್ಣು, ಪಾಪಾಸು ಕಳ್ಳಿ, ಒಣಹುಲ್ಲು, ಬಂಡೆಯ ಮೇಲೆ ಮಳೆನೀರು ಇಳಿದು ಕಪ್ಪಾದ ಗೆರೆ. ಇವೇ ಆ ಜೀವದ ಮನೆ.

ಹೇಗೆ ಮಾಡೋದು ಅಂದರೆ: ಅಗಲ ಲೆನ್ಸ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಅಥವಾ ಎಫ್/11, ಪ್ರಾಣಿಗೆ ಒಂದು ಅಡಿಗಿಂತ ಹತ್ತಿರ. ಅಷ್ಟು ಹತ್ತಿರ ಹೋದರೆ ಸಣ್ಣದೂ ಎದ್ದು ಕಾಣುತ್ತೆ, ಹಿಂದಿನ ಗುಡ್ಡವೂ ಗುರುತು ಸಿಗುವಷ್ಟು ಇರುತ್ತೆ. ಎಲ್ಲ ಪ್ರಾಣಿಗೂ ಇದು ನಡೆಯಲ್ಲ. ಹಾವಿಗಂತೂ ಖಂಡಿತ ಬೇಡ. ಕ್ಯಾಮೆರಾವನ್ನು ಅದರ ಕಲ್ಲಿನ ಹತ್ತಿರ ಇಟ್ಟು, ನೀವು ದೂರ ಕೂತು ರಿಮೋಟ್‌ನಿಂದ ಅಥವಾ ಮೊಬೈಲ್ ಆ್ಯಪ್‌ನಿಂದ ತೆಗೆಯಬಹುದು. ಉದ್ದ ಲೆನ್ಸ್ ಮಾತ್ರ ಇದ್ದರೂ ಚಿಂತೆ ಇಲ್ಲ, ಹಿಂದಕ್ಕೆ ಹೋಗಿ. ಪ್ರಾಣಿ ಫ್ರೇಮಿನ ಹತ್ತರಲ್ಲಿ ಒಂದು ಭಾಗ ಇದ್ದರೂ ಸಾಕು, ಅದರ ಸುತ್ತ ಗೊಂದಲ ಇರಬಾರದು ಅಷ್ಟೇ.

ಮನುಷ್ಯರ ಗುರುತನ್ನೂ ಕತ್ತರಿಸಿ ಹಾಕಬೇಡಿ. ಪಾವಗಡದಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಕಲ್ಲು ಕ್ವಾರಿಗಳಂತೂ ಎಲ್ಲ ಕಡೆ. ಓತಿಯ ಹಿಂದೆ ಪ್ಯಾನೆಲ್ ಸಾಲು ಬಂದರೆ ಫೋಟೋ ಹಾಳಾಗಲ್ಲ, ಈಗ ಅದು ಬದುಕುತ್ತಿರುವ ಜಾಗವೇ ಅದು.

ಮೂರರಲ್ಲಿ ಒಂದು ಭಾಗದ ನಿಯಮ ಪಾಲಿಸಬೇಕಾ?

ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಆ ಗೆರೆಗಳ ಮೇಲೆ ಪ್ರಾಣಿ ಬರುವ ಹಾಗೆ ಇಡೋದೇ ಆ ನಿಯಮ. ಶುರುವಿಗೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಪ್ರಾಣಿ ಯಾವ ಕಡೆ ನೋಡುತ್ತಿದೆಯೋ ಆ ಕಡೆ ಜಾಗ ಬಿಡಿ. ಬಾಲ ಕತ್ತರಿಸಬೇಡಿ, ಓತಿಯ ಬಾಲ ಮೈಗಿಂತ ಉದ್ದ ಅನ್ನೋದು ಫ್ರೇಮ್ ಮಾಡುವಾಗ ಮರೆತೇ ಹೋಗುತ್ತೆ. ದಿಗಂತದ ಗೆರೆ ಅದರ ಕುತ್ತಿಗೆಯ ಮೂಲಕ ಹಾದುಹೋಗದಿರಲಿ. ಒಂದು ಇಂಚು ಮೇಲೆ ಕೆಳಗೆ ಆದರೆ ಸರಿಹೋಗುತ್ತೆ.

ನೆಲಕ್ಕೆ ಮಲಗಲೇಬೇಕಾ?

ಹೌದು, ಮಲಗಲೇಬೇಕು. ನಿಂತು ತೆಗೆದರೆ ಪ್ರಾಣಿಯ ಹಿಂದೆ ಬರೀ ಮಣ್ಣು ಬರುತ್ತೆ, ಅದೂ ಫೋಕಸ್‌ನಲ್ಲೇ ಇರುತ್ತೆ. ಮಲಗಿದರೆ ಹಿನ್ನೆಲೆ ಐವತ್ತು ಮೀಟರ್ ದೂರಕ್ಕೆ ಹೋಗುತ್ತೆ, ಮುಂದಿನ ಕಲ್ಲು, ಹುಲ್ಲು ಮೆತ್ತಗೆ ಕರಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಕಣ್ಣಿನ ಮಟ್ಟದಿಂದ ನೋಡಿದಾಗ ಮೊಣಕಾಲೆತ್ತರದ ಕಲ್ಲು ಬೆಟ್ಟದ ಹಾಗೆ ಕಾಣುತ್ತೆ, ಮತ್ತು ಅದಕ್ಕೆ ಕಾಣೋದೂ ಹಾಗೇ ತಾನೆ.

ಮಲಗುವ ಮುಂಚೆ ಒಂದು ಕೋಲಿನಿಂದ ಆ ಜಾಗವನ್ನು ತಟ್ಟಿ ನೋಡಿ. ಪ್ಲಾಸ್ಟಿಕ್ ಗೋಣಿಚೀಲ ಹಾಸಿಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಪ್ಯಾಂಟನ್ನೂ ದಾಟಿ ಒಳಗೆ ಹೋಗುತ್ತೆ, ಮೊಣಕಾಲಿಗೆ ದಪ್ಪ ಪ್ಯಾಡ್ ಇದ್ದರೆ ಒಳ್ಳೆಯದು.

ಬೆಳಕಿನ ಸೆಟ್ಟಿಂಗ್ ಏನಿಡಲಿ? ಒಂದು ಸಲ ಕಪ್ಪಾಗುತ್ತೆ, ಒಂದು ಸಲ ಬಿಳಿಚಿಕೊಳ್ಳುತ್ತೆ.

ಕ್ಯಾಮೆರಾ ಎದುರಿಗಿರೋದನ್ನೆಲ್ಲ ಮಧ್ಯಮ ಬೂದು ಅಂದುಕೊಳ್ಳುತ್ತೆ. ಬಿಳಿ ಮಣ್ಣು, ಒಣಹುಲ್ಲು ತುಂಬಿದ್ದರೆ ಅದನ್ನು ಕಪ್ಪು ಮಾಡಿಬಿಡುತ್ತೆ, ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು ಕಮ್ಮಿ ಮಾಡುವ ಸೆಟ್ಟಿಂಗ್) +0.7 ಕೊಡಿ. ಕಪ್ಪು ಬಂಡೆ ತುಂಬಿದ್ದರೆ -0.7. ಬಂಡೆಯ ಓತಿಕ್ಯಾತದಲ್ಲಿ ಕಷ್ಟ ಏನೆಂದರೆ ಒಂದೇ ಮೈಯಲ್ಲಿ ಉರಿಗೆಂಪೂ ಇದೆ, ಕಡುಗಪ್ಪೂ ಇದೆ. ಕೆಂಪನ್ನು ಉಳಿಸಿಕೊಳ್ಳಿ. ಕಪ್ಪನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಕೆಂಪು ವಾಪಸ್ ಬರಲ್ಲ. ಹಿಸ್ಟೋಗ್ರಾಮ್‌ನಲ್ಲಿ (ಫೋಟೋದಲ್ಲಿ ಬೆಳಕು ಹೇಗೆ ಹಂಚಿದೆ ಅಂತ ತೋರಿಸುವ ನಕ್ಷೆ) ಕೆಂಪಿನ ಗೆರೆಯನ್ನು ಬೇರೆಯಾಗಿ ನೋಡಿ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಾನೇ ತಿದ್ದದ ಮೂಲ ಫೈಲ್) ತೆಗೆಯಿರಿ.

ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಕೂತಲ್ಲೇ ಇದ್ದರೂ ಅವು ಇದ್ದಕ್ಕಿದ್ದ ಹಾಗೆ ತಲೆ ಆಡಿಸುತ್ತವೆ. ಫ್ಲ್ಯಾಶ್ ಈ ಬೆಳಕಿನಲ್ಲಿ ಬೇಕಾಗಲ್ಲ.

ಒಳ್ಳೆ ಲೆನ್ಸ್, ಫೋಕಸ್ಸೂ ಸರಿ. ಆದರೂ ಫೋಟೋ ಚೂಪಾಗಿಲ್ಲ. ಲೆನ್ಸ್ ಕೆಟ್ಟಿದೆಯಾ?

ಬಹುಶಃ ಇಲ್ಲ. ಅದು ಬಿಸಿಗಾಳಿ. ಹತ್ತು ಗಂಟೆಯ ಮೇಲೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತೆ, ಬಿಸಿ ಗಾಳಿ ತಣ್ಣನೆ ಗಾಳಿ ಕಲೆಸಿಕೊಂಡು ಬೆಳಕು ಅಲ್ಲಲ್ಲಿ ಬಾಗುತ್ತೆ. ರಸ್ತೆ ಮೇಲೆ ನೀರಿನಂತೆ ಹೊಳೆಯುತ್ತಲ್ಲ, ಅದೇ. ನೆಲಕ್ಕೆ ಹತ್ತಿರವಿದ್ದಷ್ಟೂ ಜಾಸ್ತಿ, ಪ್ರಾಣಿ ದೂರವಿದ್ದಷ್ಟೂ ಜಾಸ್ತಿ. ಎಷ್ಟು ದುಡ್ಡಿನ ಲೆನ್ಸಾದರೂ ಇದನ್ನು ತಡೆಯಲ್ಲ, ಸಾಫ್ಟ್‌ವೇರ್‌ನಲ್ಲೂ ಸರಿಮಾಡೋಕೆ ಆಗಲ್ಲ. ಬೆಳಿಗ್ಗೆ ಬೇಗ ಹೋಗಿ, ಇಲ್ಲಾ ಮೋಡ ಬರೋವರೆಗೆ ಕಾಯಿರಿ. ಕಾರಿನ ಕಿಟಕಿಯಿಂದ ತೆಗೆಯುವಾಗ ಎಸಿ ಆಫ್ ಮಾಡಿ ಎಲ್ಲ ಗಾಜು ಇಳಿಸಿ, ಒಳಗಿನ ತಂಪು ಹೊರಗಿನ ಬಿಸಿ ಸೇರುವ ಕಡೆಯೂ ಇದೇ ತೊಂದರೆ.

ಓತಿ ಬೀಸಣಿಗೆ ಬಿಚ್ಚುವ ಕ್ಷಣ ಸಿಗುತ್ತಲೇ ಇಲ್ಲ.

ಮೊದಲು ಯಾವ ಓತಿ ಅಂತ ತಿಳಿದುಕೊಳ್ಳಿ. 2016ರವರೆಗೆ ಬೀಸಣಿಗೆ ಓತಿಗಳೆಲ್ಲ ಸಿಟಾನಾ ಅನ್ನುವ ಒಂದೇ ಕುಲದಲ್ಲಿದ್ದವು. ಆ ವರ್ಷ ಸಂಶೋಧಕರು ಸರಡಾ ಅನ್ನುವ ಹೊಸ ಕುಲ ಮಾಡಿದರು. ಮರಾಠಿಯಲ್ಲಿ ಓತಿಗೆ ಹೇಳುವ ಮಾತೇ ಅದು. ಸರಡಾ ಗಂಡುಗಳ ಬೀಸಣಿಗೆ ದೊಡ್ಡದು, ನೀಲಿ, ಕಪ್ಪು, ಕಿತ್ತಳೆ ಬಣ್ಣ. ನಮ್ಮ ಉತ್ತರ ಕರ್ನಾಟಕದಲ್ಲೂ ಇವು ಇವೆ. ಸಿಟಾನಾದ ಕೆಲವು ಜಾತಿಗಳಲ್ಲಿ ಬೀಸಣಿಗೆ ಸಣ್ಣದು, ಬಣ್ಣವೂ ಅಷ್ಟಾಗಿ ಇಲ್ಲ.

ಬಿಚ್ಚುವ ಮುಂಚೆ ಗಂಡು ಒಂದು ಎತ್ತರದ ಕಲ್ಲಿಗೆ ಬಂದು ಮುಂಗಾಲಿನ ಮೇಲೆ ಎದ್ದು ತಲೆ ಎತ್ತುತ್ತೆ. ಆಗಲೇ ಶಟರ್ ಬಟನ್ ಒತ್ತಿ ಹಿಡಿಯಿರಿ, ಬಿಚ್ಚಿದ ಮೇಲೆ ಒತ್ತಿದರೆ ತಡ. ಸಾಮಾನ್ಯವಾಗಿ ಮೇಲಿಂದ ಮೇಲೆ ಹಲವು ಸಲ ಬಿಚ್ಚಿ ಮುಚ್ಚುತ್ತೆ. ಸೂರ್ಯ ಅದರ ಹಿಂದೆ ಇರಲಿ. ಬೀಸಣಿಗೆ ತೆಳ್ಳಗಿನ ಚರ್ಮ, ಬೆಳಕು ಅದರೊಳಗಿಂದ ಹಾದು ಬಂದಾಗ ದೀಪ ಹಚ್ಚಿದ ಹಾಗಿರುತ್ತೆ. ಪಕ್ಕದಿಂದ ತೆಗೆಯಿರಿ, ಎದುರಿನಿಂದ ತೆಗೆದರೆ ಬೀಸಣಿಗೆ ಒಂದು ಗೆರೆಯಾಗಿ ಕಾಣುತ್ತೆ.

ಎರಡು ಗಂಡು ಎದುರುಬದುರು ಆಗುವ ಗಡಿಕಲ್ಲು ಸಿಕ್ಕಿದರೆ ಬೇರೆ ಕಡೆ ಹೋಗಬೇಡಿ. ಇಡೀ ಬೆಳಿಗ್ಗೆ ಅಲ್ಲೇ ಇರಿ.

ಚೇಳಿನ ಫೋಟೋ ರಾತ್ರಿ ಹೇಗೆ ತೆಗೆಯೋದು?

ಚೇಳು ನೇರಳಾತೀತ ಬೆಳಕಿನಲ್ಲಿ ಹಸಿರು ನೀಲಿಯಾಗಿ ಹೊಳೆಯುತ್ತೆ. 365ರಿಂದ 395 ನ್ಯಾನೋಮೀಟರ್‌ನ ಯುವಿ ಟಾರ್ಚ್ ಸಾಕು. ನೋಡಿದ ಮೊದಲ ಸಲ ಮೈ ಜುಂ ಅನ್ನುತ್ತೆ, ಏನೂ ಇಲ್ಲ ಅಂದುಕೊಂಡ ಬಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ನಕ್ಷತ್ರ ಬಿದ್ದ ಹಾಗೆ.

ಬರೀ ಹೊಳೆಯುವ ಚೇಳನ್ನು ತೆಗೆದರೆ ಕಪ್ಪಿನಲ್ಲಿ ಒಂದು ಆಟಿಕೆ ಇಟ್ಟ ಹಾಗೆ ಇರುತ್ತೆ. ಟ್ರೈಪಾಡ್ ಮೇಲೆ 10ರಿಂದ 15 ಸೆಕೆಂಡ್ ಇಟ್ಟು, ಯುವಿ ಟಾರ್ಚನ್ನು ಒಂದೆರಡು ಸೆಕೆಂಡ್ ಮಾತ್ರ ಆಡಿಸಿ, ಉಳಿದ ಹೊತ್ತು ನಕ್ಷತ್ರ ಮತ್ತು ಬಂಡೆಯ ಅಂಚನ್ನು ಬರಲು ಬಿಡಿ. ಕಾಯುತ್ತಾ ಕೂತ ಚೇಳು ಬಹಳ ಹೊತ್ತು ಅಲುಗಾಡಲ್ಲ. ಅದರ ಮೇಲೆ ಯುವಿ ಬೆಳಕನ್ನು ಸುಮ್ಮನೆ ಹಿಡಿದುಕೊಂಡೇ ಇರಬೇಡಿ, ಅದಕ್ಕೂ ಹಿಂಸೆ. ನಿಮ್ಮ ಕಣ್ಣಿಗೂ ಒಳ್ಳೆಯದಲ್ಲ. ಕಲ್ಲು ಎತ್ತಿ ಹುಡುಕಿದರೆ ಆ ಕಲ್ಲನ್ನು ಇದ್ದ ಹಾಗೇ, ಅದೇ ಮಗ್ಗುಲಿಗೆ ಇಡಿ. ಎಷ್ಟೋ ಜನ ಎತ್ತಿ ಪಕ್ಕಕ್ಕೆ ಹಾಕಿ ಹೋಗುತ್ತಾರೆ. ಅದರ ಕೆಳಗೆ ತಂಪು ಸೇರಲು ಎಷ್ಟು ಕಾಲ ಬೇಕಾಗಿತ್ತೋ.

ದೊಣೆ ಹತ್ತಿರ ಕಾಯಬಹುದಾ?

ಕಾಯಬಹುದು, ಆದರೆ ದೂರದಿಂದ. ಬೇಸಿಗೆಯಲ್ಲಿ ಒಂದೇ ಒಂದು ದೊಣೆಯಲ್ಲಿ ನೀರು ಉಳಿದಿದ್ದರೆ ಅದು ಆ ಇಡೀ ಗುಡ್ಡದ ನೀರು. ನೀವು ಅಂಚಿನಲ್ಲೇ ಕೂತರೆ ಯಾರೂ ಬರಲ್ಲ, ಬಾಯಾರಿಯೇ ಹೋಗುತ್ತಾರೆ. ಇಪ್ಪತ್ತು ಮೀಟರ್ ದೂರ, ಪೊದೆಯ ಮರೆ, ಉದ್ದ ಲೆನ್ಸ್. ಗಂಟೆ ಹೊತ್ತು ಏನೂ ಬರದಿದ್ದರೆ ತೊಂದರೆ ನೀವೇ ಆಗಿರಬಹುದು, ಎದ್ದು ಹೋಗಿ. ನೀರಲ್ಲಿ ಬಿದ್ದ ಪ್ರತಿಬಿಂಬ ಬೇಕಾದರೆ ನೀರಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ.

ನೆಲದ ಮೇಲೆ ಮೊಟ್ಟೆ ಸಿಕ್ಕಿತು. ಫೋಟೋ ತೆಗೆಯಲಾ?

ಬೇಡ. ಬಂದ ದಾರಿಯಲ್ಲೇ ಕಾಲಿಟ್ಟು ವಾಪಸ್ ಬನ್ನಿ.

ಕಾರಣ ಹೇಳುತ್ತೇನೆ. ಟಿಟ್ಟಿಭ, ನೆಲಗುಬ್ಬಿ, ಕಲ್ಲುಗೌಜಲು ಇವೆಲ್ಲ ನೆಲದಲ್ಲೇ ಮೊಟ್ಟೆ ಇಡುತ್ತವೆ. ಏಪ್ರಿಲ್ ಬಿಸಿಲಲ್ಲಿ ಅಮ್ಮ ಮೊಟ್ಟೆ ಮೇಲೆ ಕೂತಿರೋದು ಕಾವಿಗೆ ಮಾತ್ರವಲ್ಲ, ನೆರಳಿಗೂ ಹೌದು. ಟಿಟ್ಟಿಭ ತನ್ನ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ಕಲ್ಲುಗೌಜಲಿನ ಗಂಡು ಗರಿಯಲ್ಲಿ ನೀರು ಹೀರಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತೆ. ನೀವು ಅಲ್ಲಿ ಹತ್ತು ನಿಮಿಷ ಇದ್ದರೆ ಅಷ್ಟು ಹೊತ್ತು ಮೊಟ್ಟೆ ಕಾದ ನೆಲದ ಮೇಲೆ ಬಿಸಿಲಿಗೆ ಬಿದ್ದಿರುತ್ತೆ. ಕಾಗೆ, ಮುಂಗುಸಿಗಳೂ ನಿಮ್ಮನ್ನು ನೋಡುತ್ತಿರುತ್ತವೆ. ಟಿಟ್ಟಿಭ ತಲೆ ಮೇಲೆ ಕೂಗುತ್ತಾ ಸುತ್ತುತ್ತಿದ್ದರೆ ಗೂಡು ಅಲ್ಲೇ ಇದೆ ಅಂತ ಅರ್ಥ. ಕಾವಲಿನಲ್ಲಿ ಗಾಡಿದಾರಿ ಬಿಟ್ಟು ಜೀಪು, ಕಾರು ಇಳಿಸಬೇಡಿ ಅನ್ನೋದೂ ಇದಕ್ಕೇ, ಚಕ್ರದ ಕೆಳಗೆ ಏನು ಹೋಯಿತು ಅಂತಲೂ ಗೊತ್ತಾಗಲ್ಲ.

ಗೋಸುಂಬೆಯನ್ನು ಹಿಡಿದು ಒಳ್ಳೆ ಕೊಂಬೆ ಮೇಲೆ ಇಟ್ಟು ತೆಗೆದರೆ ತಪ್ಪಾ? ಹುಳಗಳನ್ನು ಫ್ರಿಜ್‌ನಲ್ಲಿಟ್ಟು ತೆಗೆಯುತ್ತಾರಂತೆ?

ಎರಡೂ ತಪ್ಪು. ರಸ್ತೆ ದಾಟುತ್ತಿರುವ ಗೋಸುಂಬೆಯನ್ನು ಗಾಡಿಗೆ ಸಿಗದ ಹಾಗೆ ಕಾಪಾಡಿ, ಅದು ಹೋಗುತ್ತಿದ್ದ ಕಡೆಗೇ ದಾಟಿಸಿ. ಅಷ್ಟಕ್ಕೆ ನಿಲ್ಲಿಸಿ.

ಹಾವು, ಬಿಸಿಲು, ಕರಡಿ?

ಮೂರೂ ನಿಜ. ಗರಗಸ ಮಂಡಲ ಇಂಥ ಕಲ್ಲು ನೆಲದಲ್ಲೇ ಇರೋದು, ಸಣ್ಣದು, ಮಣ್ಣಿನದೇ ಬಣ್ಣ. ಕೊಳಕುಮಂಡಲವೂ ಇದೆ. ಪಾದದ ಗಂಟು ಮುಚ್ಚುವ ಎತ್ತರದ ಶೂ ಹಾಕಿ. ಕೈ ಎಲ್ಲಿಡುತ್ತೀರಿ ಅಂತ ನೋಡಿ ಇಡಿ, ಬಂಡೆ ಹತ್ತುವಾಗ ಕಾಣದ ಕಡೆಗೆ ಬೆರಳು ಹಾಕಬೇಡಿ. ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಏನೂ ಮಾಡದೆ, ಆ ಕೈ ಅಥವಾ ಕಾಲನ್ನು ಅಲುಗಾಡಿಸದೆ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಹೋಗುವ ಊರಿನ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಿ.

ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಬಂಡೆ ಅದಕ್ಕಿಂತ ಬಿಸಿ. ಅರ್ಧ ದಿನಕ್ಕೆ ಒಬ್ಬರಿಗೆ ಮೂರು ಲೀಟರ್ ನೀರು, ಒಆರ್‌ಎಸ್ ಪೊಟ್ಟಣ. ಬೆವರು ನಿಂತು ತಲೆ ತಿರುಗಿದರೆ ಇನ್ನೊಂದು ಫೋಟೋ ಅನ್ನಬೇಡಿ, ನೆರಳಿಗೆ ಹೋಗಿ, ಮೈಮೇಲೆ ನೀರು ಹಾಕಿಕೊಂಡು ಸಹಾಯಕ್ಕೆ ಕರೆಯಿರಿ. ಹಂಪಿ, ದರೋಜಿ ಕಡೆ ಕತ್ತಲಾದ ಮೇಲೆ ಬಂಡೆಗಳ ನಡುವೆ ಇರಬೇಡಿ. ಕರಡಿ, ಚಿರತೆ ಎರಡೂ ಇವೆ.

ಧೂಳಿನಿಂದ ಕ್ಯಾಮೆರಾ ಉಳಿಸಿಕೊಳ್ಳೋದು ಹೇಗೆ?

ಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ. ಲೆನ್ಸಿನ ಗಾಜಿನ ಮೇಲೆ ಮಣ್ಣು ಕೂತರೆ ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಬ್ರಶ್, ಬಟ್ಟೆ ಕೊನೆಗೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳಿನ ಕಣ ಗಾಜು ಗೀರುತ್ತೆ.

ಅನುಮತಿ ಬೇಕಾ?

ಜಾಗ ನೋಡಿ. ದರೋಜಿ ಕರಡಿಧಾಮದಂಥ ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ನಿಯಮದಂತೆ ನಡೆಯಬೇಕು, ಎಲ್ಲೆಂದರಲ್ಲಿ ಇಳಿದು ಮಲಗೋಕೆ ಆಗಲ್ಲ. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ತಗೊಳ್ಳಬೇಕು. ಹೊಲದ ಬದು, ಖಾಸಗಿ ಗುಡ್ಡ ಆದರೆ ಜಮೀನಿನವರನ್ನು ಕೇಳಿ. ಕೇಳಿದರೆ ಬೇಡ ಅಂದವರು ನನಗೆ ಸಿಕ್ಕಿದ್ದು ಕಡಿಮೆ. ಬಹಳ ಸಲ ಅವರೇ ಕರಕೊಂಡು ಹೋಗಿ "ಇಲ್ಲಿ ದಿನಾ ಬರ್ತದೆ ನೋಡ್ರಿ" ಅಂತ ಕಲ್ಲು ತೋರಿಸಿದ್ದಾರೆ. ಊರಿಗೆ ವಾಪಸ್ ಬಂದ ಮೇಲೆ ಅವರಿಗೆ ಆ ಫೋಟೋ ಕಳಿಸಿ.

ಫೋಟೋ ಹಾಕುವಾಗ ಜಾಗದ ಹೆಸರು ಬರೆಯಬೇಕಾ? ನೆಲ ತೋರಿಸಿ ಅಂತ ನೀವೇ ಹೇಳಿದ್ದು.

ನೆಲ ತೋರಿಸಿ, ವಿಳಾಸ ಕೊಡಬೇಡಿ. ಜಿಲ್ಲೆಯ ಹೆಸರು ಸಾಕು. ನಕ್ಷತ್ರ ಆಮೆಯನ್ನು ನೋಡಿ, ಇಂಥ ಒಣ ಕುರುಚಲಲ್ಲೇ ಬದುಕುತ್ತೆ, ಸಾಕೋಕೆ ಅಂತ ಹಿಡಿದು ಮಾರುವ ಕಳ್ಳ ವ್ಯಾಪಾರ ಎಷ್ಟಿದೆ ಅಂದರೆ 2019ರಲ್ಲಿ ಅದರ ಅಂತರರಾಷ್ಟ್ರೀಯ ಮಾರಾಟಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧ ಹಾಕಬೇಕಾಯಿತು. ಉಡಕ್ಕೂ ಬೇಟೆಯ ಭಯ ಇದೆ. ಇವೆರಡರ ವಿಷಯದಲ್ಲಿ ಜಿಲ್ಲೆಯನ್ನೂ ಬರೆಯದಿದ್ದರೆ ಒಳ್ಳೆಯದು. ಹಿಂದೆ ಗುರುತು ಸಿಗುವ ಕೋಟೆ, ಗುಡಿ, ಟವರ್ ಬಂದಿದ್ದರೆ ಆ ಫೋಟೋ ನಿಮ್ಮ ಹತ್ತಿರವೇ ಇರಲಿ, ಅದೇ ಬೆಳಿಗ್ಗೆ ಇನ್ನೊಂದು ದಿಕ್ಕಿನಿಂದ ತೆಗೆದದ್ದನ್ನು ಹಾಕಿ. ಮೊಬೈಲ್ ಫೋಟೋದೊಳಗೆ ಲೊಕೇಶನ್ ತಾನಾಗಿಯೇ ಸೇರಿಕೊಂಡಿರುತ್ತೆ. ಗುಡ್ಡ ಹತ್ತುವ ಮುಂಚೆಯೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ.